ಶ್ರುತಿಗೇ ಚಪ್ಪಾಳೆ: ಸಹಾಯಾರ್ಥ ಪ್ರದರ್ಶನವನ್ನು ಓದುವ ಬಗೆ

ಸಾಲ್ ಸ್ವಿಮರ್ ನಿರ್ದೇಶಿಸಿದ, 1972ರಲ್ಲಿ ತೆರೆಕಂಡ ‘ದಿ ಕಾನ್ಸರ್ಟ್ ಫಾರ್ ಬಾಂಗ್ಲಾದೇಶ್’ ಚಿತ್ರದಲ್ಲಿ ಒಂದು ಗಳಿಗೆ ಬಹಳ ಪ್ರಸಿದ್ಧ. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನ ವೇದಿಕೆ. ರವಿಶಂಕರ್ ಸಿತಾರ್, ಅಲಿ ಅಕ್ಬರ್ ಖಾನ್ ಸರೋದ್, ಅಲ್ಲಾ ರಖಾ ತಬಲಾ ಹಿಡಿದು ಕೂತಿದ್ದಾರೆ. ಹಿಂದೆ ಕಮಲಾ ಚಕ್ರವರ್ತಿಯವರ ತಂಬೂರಿ. ಯಾವ ಕಛೇರಿಯಲ್ಲಾದರೂ ಮಾಡುವಂತೆ ಇವರೂ ಮೊದಲು ವಾದ್ಯಗಳ ಶ್ರುತಿ ಹೊಂದಿಸಿಕೊಳ್ಳುತ್ತಾರೆ. ಅದು ಮುಗಿದು ಕೈ ನಿಂತಕೂಡಲೇ ಇಡೀ ಸಭೆ ಜೋರಾಗಿ ಚಪ್ಪಾಳೆ ತಟ್ಟುತ್ತದೆ. ಶ್ರುತಿ ಮಾಡಿದ್ದೇ ನಿಮಗೆ ಇಷ್ಟು ಹಿಡಿಸಿದ್ದರೆ ನುಡಿಸುವುದು ಇನ್ನೂ ಹಿಡಿಸೀತು ಎಂಬರ್ಥದ ಮಾತನ್ನು ರವಿಶಂಕರ್ ನಗುತ್ತ ಹೇಳುತ್ತಾರೆ.

ನಮ್ಮಲ್ಲಿ ಈ ಪ್ರಸಂಗವನ್ನು ಪಾಶ್ಚಾತ್ಯರ ಅಜ್ಞಾನದ ತಮಾಷೆಯಾಗಿ ಹೇಳುವುದು ರೂಢಿ. ನನಗೆ ಅದು ಬೇರೆಯದೇ ಕಾರಣಕ್ಕೆ ಮುಖ್ಯವೆನಿಸುತ್ತದೆ. ಆ ಜನ ಕೆಟ್ಟ ಮನಸ್ಸಿನಿಂದ ಚಪ್ಪಾಳೆ ತಟ್ಟಲಿಲ್ಲ, ಗೌರವದಿಂದಲೇ ತಟ್ಟಿದರು. ಅವರಿಗೆ ತಿಳಿಯದೇ ಹೋದದ್ದು ಒಂದೇ: ಕೆಲಸ ಇನ್ನೂ ಶುರುವಾಗಿಲ್ಲ. ಸಹಾಯಾರ್ಥ ಪ್ರದರ್ಶನ ಎಂಬ ಪ್ರಕಾರದ ಕಷ್ಟವೆಲ್ಲ ಈ ಒಂದು ಗಳಿಗೆಯಲ್ಲಿದೆ ಎಂಬುದು ನನ್ನ ವಾದ. ಕಷ್ಟದಲ್ಲಿರುವವರಿಗೆ ನೆರವಾಗುತ್ತೇವೆಂದು ಹೇಳಿ ಹಾಡು, ಕುಣಿತ, ನಾಟಕ ಮಾಡಿದಾಗ ನಾವು ಚಪ್ಪಾಳೆ ತಟ್ಟುವುದು ಸಂಗೀತಕ್ಕೋ, ನೆರವಿಗೋ? ನೆರವಿಗೆ ಎಂದಾದರೆ ಅದಿನ್ನೂ ಆಗಿಯೇ ಇರುವುದಿಲ್ಲ.

ನನ್ನ ಪಿಎಚ್‌.ಡಿ. ಅಧ್ಯಯನ ವೃತ್ತಿ ರಂಗಭೂಮಿಯ ಪ್ರಚಾರ ಸಾಮಗ್ರಿಗಳ ಬಗ್ಗೆ. ಹ್ಯಾಂಡ್‌ಬಿಲ್ಲುಗಳನ್ನು ಓದುತ್ತ ಕೂರುವವರಿಗೆ ‘ಸಹಾಯಾರ್ಥ’ ಎಂಬ ಪದ ಮತ್ತೆ ಮತ್ತೆ ಎದುರಾಗುತ್ತದೆ. ನಾಟಕ ಕಂಪನಿಯೊಂದು ಊರಲ್ಲಿ ಕ್ಯಾಂಪ್ ಹಾಕಿದರೆ ಒಂದು ರಾತ್ರಿಯ ಕಲೆಕ್ಷನ್ನನ್ನು ಆ ಊರಿನ ಶಾಲೆಗೋ ಗುಡಿಗೋ ಬಿಟ್ಟುಕೊಡುವುದು ಹಳೆಯ ರೂಢಿ. ಕಂಪನಿಯ ಹಿರಿಯ ನಟರಿಗಾಗಿ ಬೆನಿಫಿಟ್ ನಾಟಕ ಆಡುವುದೂ ಇತ್ತು. ಕರಾವಳಿಯ ಯಕ್ಷಗಾನ ಮೇಳಗಳ ಟಿಕೆಟ್ ಆಟಗಳಿಗೂ ಈ ಪದ ಹೊಸದಲ್ಲ. ಇದರಲ್ಲಿ ಕಂಪನಿಗೂ ಲಾಭವಿತ್ತು. ಊರಿನ ಹತ್ತು ಜನ ದೊಡ್ಡವರು ತಾವೇ ನಿಂತು ಟಿಕೆಟ್ ಮಾರುತ್ತಿದ್ದರು, ಕಂಪನಿಯ ಹೆಸರು ಊರಿನಲ್ಲಿ ನಿಲ್ಲುತ್ತಿತ್ತು, ಮುಂದಿನ ಸಲ ಕ್ಯಾಂಪ್ ಹಾಕಲು ಜಾಗ ಸಲೀಸಾಗಿ ಸಿಗುತ್ತಿತ್ತು. ಈ ಲಾಭವನ್ನು ಯಾರೂ ಮುಚ್ಚಿಡುತ್ತಿರಲಿಲ್ಲ, ಯಾರೂ ಅದನ್ನು ಪಾಪವೆಂದು ತಿಳಿಯುತ್ತಲೂ ಇರಲಿಲ್ಲ. ನಾಟಕವೂ ಚೆನ್ನಾಗಿರಬೇಕು, ಶಾಲೆಯ ಗೋಡೆಯೂ ಏಳಬೇಕು. ಇವೆರಡರಲ್ಲಿ ಒಂದು ತಪ್ಪಿದರೂ ಊರು ಆಡಿಕೊಳ್ಳುತ್ತಿತ್ತು.

ಅಂದರೆ ಇಂಥ ಪ್ರದರ್ಶನದ ಒಂದು ಟಿಕೆಟ್ಟಿನಲ್ಲಿ ಎರಡು ಕರಾರುಗಳಿವೆ. ಮೊದಲನೆಯದು ನೋಡುವವರ ಜೊತೆ: ನಿಮ್ಮ ದುಡ್ಡಿಗೆ ತಕ್ಕ ಖುಷಿ ಕೊಡುತ್ತೇವೆ. ಎರಡನೆಯದು ಅಲ್ಲಿಗೆ ಬರಲಾಗದ ಯಾರದೋ ಪರವಾಗಿ: ಈ ದುಡ್ಡನ್ನು ಅವರಿಗೆ ಮುಟ್ಟಿಸುತ್ತೇವೆ. ಮೊದಲ ಕರಾರು ಅಂದು ರಾತ್ರಿಯೇ ತೀರುತ್ತದೆ, ತೀರಿತೋ ಇಲ್ಲವೋ ಎಂಬುದು ಸಭೆಗೇ ಗೊತ್ತಾಗುತ್ತದೆ. ಎರಡನೆಯದು ತೀರುವುದು ಬೇರೆಡೆ, ತಡವಾಗಿ, ಟಿಕೆಟ್ ಕೊಂಡವರ ಕಣ್ಣಿಗೆ ಬೀಳದಂತೆ. ಈ ನಡುವಿನ ಅವಧಿಯಲ್ಲಿ ನಮ್ಮನ್ನು ಕಟ್ಟಿಹಾಕುವುದು ನಂಬಿಕೆ ಮಾತ್ರ. ಹಾಗಾಗಿ ಸಹಾಯಾರ್ಥ ಪ್ರದರ್ಶನದ ವಿಮರ್ಶೆ ಎಂದರೆ ನಂಬಿಕೆಯನ್ನು ಹೇಗೆ ಸಂಪಾದಿಸಲಾಯಿತು, ಆಮೇಲೆ ಅದನ್ನು ಹೇಗೆ ಖರ್ಚು ಮಾಡಲಾಯಿತು ಎಂಬುದರ ವಿಮರ್ಶೆಯೂ ಆಗಬೇಕು. 1971ರ ಆ ಕಛೇರಿ ಇದಕ್ಕೆ ಒಳ್ಳೆಯ ಉದಾಹರಣೆ, ಏಕೆಂದರೆ ಅದರಲ್ಲಿ ಭಾಗವಹಿಸಿದವರ ಪ್ರಾಮಾಣಿಕತೆಯ ಬಗ್ಗೆ ನನಗೆ ಸಂಶಯವಿಲ್ಲ. ಕಳ್ಳರ ಕಥೆಯಿಂದ ಕಲಿಯುವುದು ಕಡಿಮೆ. ಒಳ್ಳೆಯವರ ಲೆಕ್ಕ ಎಲ್ಲಿ ತಪ್ಪಿತು ಎಂಬುದರಿಂದಲೇ ಕಲಿಯಬೇಕಾದದ್ದು ಹೆಚ್ಚು.

ಹಿನ್ನೆಲೆ ಚಿಕ್ಕದಾಗಿ ಹೀಗಿದೆ. 1970ರ ನವೆಂಬರಿನ ಚಂಡಮಾರುತ ಪೂರ್ವ ಪಾಕಿಸ್ತಾನದಲ್ಲಿ ಲಕ್ಷಾಂತರ ಜನರನ್ನು ಕೊಂದಿತ್ತು. 1971ರ ಮಾರ್ಚ್ 25ರ ರಾತ್ರಿ ಸೈನ್ಯ ದಾಳಿ ಶುರುಮಾಡಿದ ಮೇಲೆ ಜನ ಗಡಿ ದಾಟಿ ಭಾರತಕ್ಕೆ ಬರತೊಡಗಿದರು. ವರ್ಷದ ಕೊನೆಯ ಹೊತ್ತಿಗೆ ಅವರ ಸಂಖ್ಯೆ ಸುಮಾರು 1 ಕೋಟಿ. ಬಂಗಾಳಿಯಾದ ರವಿಶಂಕರರಿಗೆ ಇದು ಪತ್ರಿಕೆಯ ಸುದ್ದಿ ಮಾತ್ರವಾಗಿರಲಿಲ್ಲ. ಅವರ ಗುರು ಅಲ್ಲಾವುದ್ದೀನ್ ಖಾನರ ಹುಟ್ಟೂರು ಪೂರ್ವ ಬಂಗಾಳದಲ್ಲಿತ್ತು. ಒಂದು ಕಛೇರಿ ನಡೆಸಿ 25,000 ಡಾಲರ್ ಕೂಡಿಸಬಹುದೇನೋ ಎಂಬ ಯೋಚನೆಯಲ್ಲಿ ಅವರು ಗೆಳೆಯ, ಶಿಷ್ಯ ಜಾರ್ಜ್ ಹ್ಯಾರಿಸನ್ ಜೊತೆ ಮಾತಾಡಿದರು. ಬೀಟಲ್ಸ್ ತಂಡ ಒಡೆದು ಆಗ ಹೆಚ್ಚು ದಿನವಾಗಿರಲಿಲ್ಲ. ಹ್ಯಾರಿಸನ್ ಕೆಲವೇ ವಾರಗಳಲ್ಲಿ ರಿಂಗೋ ಸ್ಟಾರ್, ಬಾಬ್ ಡಿಲನ್, ಎರಿಕ್ ಕ್ಲಾಪ್ಟನ್, ಲಿಯಾನ್ ರಸೆಲ್, ಬಿಲ್ಲಿ ಪ್ರೆಸ್ಟನ್ ಮುಂತಾದವರನ್ನು ಒಟ್ಟುಗೂಡಿಸಿದರು. ಆಗಸ್ಟ್ 1ರ ಭಾನುವಾರ ಮಧ್ಯಾಹ್ನ ಒಂದು, ರಾತ್ರಿ ಒಂದು, ಹೀಗೆ ಎರಡು ಪ್ರದರ್ಶನ. ಎರಡಕ್ಕೂ ಸೇರಿ ಸುಮಾರು 40,000 ಪ್ರೇಕ್ಷಕರು. ಕಲಾವಿದರು ಸಂಭಾವನೆ ತೆಗೆದುಕೊಳ್ಳಲಿಲ್ಲ.

ಕನ್ನಡದ ಓದುಗರಿಗೆ ಇದು ತೀರ ದೂರದ ಕಥೆಯೂ ಅಲ್ಲ. ರಾಯಚೂರು ಜಿಲ್ಲೆಯ ಸಿಂಧನೂರು ಕಡೆಯ ಆರ್‌.ಎಚ್‌. ಕ್ಯಾಂಪುಗಳಲ್ಲಿ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತ ಕುಟುಂಬಗಳು ಇಂದಿಗೂ ನೆಲೆಸಿವೆ. ‘ನಿರಾಶ್ರಿತ’ ಎಂಬುದು ಪೋಸ್ಟರಿನ ಮೇಲಿನ ಪದವಾಗುವುದಕ್ಕೂ ನೆರೆಮನೆಯಾಗುವುದಕ್ಕೂ ಇರುವ ವ್ಯತ್ಯಾಸವನ್ನು ಮರೆಯಬಾರದೆಂದು ಇದನ್ನು ಹೇಳಿದೆ.

ಈಗ ಚಿತ್ರಕ್ಕೆ ಬರೋಣ. ಅದರಲ್ಲಿ ಪತ್ರಿಕಾಗೋಷ್ಠಿಯ ಒಂದು ತುಣುಕಿದೆ. ಜಗತ್ತಿನಲ್ಲಿ ಇಷ್ಟೊಂದು ಸಂಕಟಗಳಿರುವಾಗ ಇದನ್ನೇ ಏಕೆ ಆರಿಸಿಕೊಂಡಿರಿ ಎಂದು ವರದಿಗಾರರೊಬ್ಬರು ಕೇಳುತ್ತಾರೆ. ಗೆಳೆಯನೊಬ್ಬ ಸಹಾಯ ಕೇಳಿದ, ಅದಕ್ಕೆ ಎಂಬುದು ಹ್ಯಾರಿಸನ್ ಉತ್ತರ. ರಾಜಕೀಯ ಪಂಡಿತರಿಗೆ ಈ ಉತ್ತರ ಬಡವಾಗಿ ಕಾಣಬಹುದು. ನನಗೆ ಚಿತ್ರದ ಅತ್ಯಂತ ನಂಬಬಹುದಾದ ಮಾತು ಇದೇ ಅನ್ನಿಸುತ್ತದೆ. ಮನುಕುಲದ ಉದ್ಧಾರದ ಭಾಷಣ ಅಲ್ಲಿಲ್ಲ. ಒಬ್ಬ ಇನ್ನೊಬ್ಬನ ಮಾತಿಗೆ ಬೆಲೆ ಕೊಟ್ಟ ಎಂಬಷ್ಟೇ ಇದೆ.

ವೇದಿಕೆಯ ಮೇಲೂ ಈ ಸಂಕೋಚ ಕಾಣುತ್ತದೆ. ತಾರೆಯರಿಗಾಗಿ ಬಂದ ಸಭೆಯ ಮುಂದೆ ಹ್ಯಾರಿಸನ್ ಮೊದಲು ಕೂರಿಸಿದ್ದು ಹಿಂದೂಸ್ತಾನಿ ಸಂಗೀತಗಾರರನ್ನು. ಈ ಭಾಗಕ್ಕೆ ತುಸು ತಾಳ್ಮೆ ಬೇಕು ಎಂದು ಅವರೇ ಕೇಳಿಕೊಂಡರು. ನುಡಿಸುವಾಗ ಸಿಗರೇಟು ಸೇದಬೇಡಿ ಎಂದು ರವಿಶಂಕರ್ ಕೇಳಿಕೊಂಡರು. ನಂತರ ಮೂಡಿದ್ದು ‘ಬಾಂಗ್ಲಾ ಧುನ್’. ಯಾರ ನಾಡು ಸುಡುತ್ತಿತ್ತೋ ಆ ನಾಡಿನ ಧಾಟಿಯ ಸಂಗೀತ ಮೊದಲು, ಜನಪ್ರಿಯ ಗಾಯಕರು ನಂತರ. ಈ ಕ್ರಮದ ಹಿಂದೆ ಕಲಾವಿದನ ವಿವೇಕವಿದೆ. ಮನರಂಜನೆಯ ಉದ್ಯಮದಲ್ಲಿ ಇದಕ್ಕೆ ವಿರುದ್ಧವಾದ ಕ್ರಮವೇ ಲಾಭದಾಯಕ. ನೋಡುವವರು ಮೊದಲು ಒಂದಿಷ್ಟು ಕಷ್ಟಪಟ್ಟು ಕೇಳಲಿ ಎನ್ನುವ ಸಹಾಯಾರ್ಥ ಪ್ರದರ್ಶನಗಳು ಆಮೇಲೆ ಬಹಳ ಬಂದಂತಿಲ್ಲ.

ಇನ್ನೊಂದು ಸಾಧನೆಯನ್ನೂ ಒಪ್ಪಬೇಕು. 1971ರ ಆಗಸ್ಟಿನಲ್ಲಿ ಬಾಂಗ್ಲಾದೇಶಕ್ಕೆ ಯಾವ ದೇಶದ ಮಾನ್ಯತೆಯೂ ಇರಲಿಲ್ಲ. ಭಾರತ ಮಾನ್ಯತೆ ಕೊಟ್ಟದ್ದು ಡಿಸೆಂಬರ್ 6ರಂದು. ಅಮೆರಿಕದ ನಿಕ್ಸನ್ ಸರ್ಕಾರ ಪಾಕಿಸ್ತಾನದ ಬೆನ್ನಿಗಿತ್ತು. ಅಂಥ ಹೊತ್ತಿನಲ್ಲಿ ಅದೇ ಅಮೆರಿಕದ ದೊಡ್ಡ ನಗರದಲ್ಲಿ ಆ ಹೆಸರನ್ನೇ ಕಾರ್ಯಕ್ರಮಕ್ಕೆ ಇಟ್ಟದ್ದು ಸಣ್ಣ ಸಂಗತಿಯಲ್ಲ. ಒಂದೇ ದಿನದಲ್ಲಿ ಜಗತ್ತಿಗೆ ಆ ಹೆಸರು ಗೊತ್ತಾಯಿತು ಎಂದು ರವಿಶಂಕರ್ ಮುಂದೆ ನೆನೆಯುತ್ತಿದ್ದರು. ಇದು ಯಾವ ಲೆಕ್ಕದ ಪುಸ್ತಕಕ್ಕೂ ಸಿಗದ ನೆರವು. ಹಣದ ಲೆಕ್ಕ ಕೇಳುವಾಗ ಈ ಕಾಣಿಕೆಯನ್ನು ಕಡೆಗಣಿಸಿದರೆ ನಮ್ಮ ವಿಮರ್ಶೆ ಜಿಪುಣತನವಾದೀತು.

ಹೀಗಿದ್ದೂ ಚಿತ್ರದಲ್ಲಿ ನನ್ನನ್ನು ಕಾಡುವ ಕೊರತೆ ಒಂದಿದೆ. ಅದರ ಬಹುಪಾಲು ವೇದಿಕೆಯ ಮೇಲೇ ನಡೆಯುತ್ತದೆ. ಕೊನೆಯಲ್ಲಿ ಹ್ಯಾರಿಸನ್ ಇದೇ ಸಂಕಟದ ಬಗ್ಗೆ ತಾವು ಕಟ್ಟಿದ ಹಾಡು ಹಾಡುತ್ತಾರೆ, ಸಭೆ ಎದ್ದು ಕೂಗುತ್ತದೆ, ಚಿತ್ರ ಮುಗಿಯುತ್ತದೆ. ಮೊದಲ ಕರಾರು ತೀರಿದ ಆನಂದವೇ ಎರಡನೆಯದೂ ತೀರಿತು ಎಂಬ ಭಾವನೆಯನ್ನು ಕೊಟ್ಟುಬಿಡುತ್ತದೆ. ಮನೆಗೆ ಹೋಗುವ ಪ್ರೇಕ್ಷಕನಿಗೆ ತಾನು ಕೊಟ್ಟಾಯಿತು, ಅವರಿಗೆ ಮುಟ್ಟಿಯಾಯಿತು ಎಂಬ ಸಮಾಧಾನ. ಇದು ಈ ಒಂದು ಚಿತ್ರದ ದೋಷವಲ್ಲ, ಇಡೀ ಪ್ರಕಾರದ ಗುಣ. ಸಂಗೀತಕ್ಕೆ ಮುಕ್ತಾಯವಿದೆ, ಹಸಿವಿಗೆ ಹಾಗೆ ಮುಕ್ತಾಯವಿಲ್ಲ. ಮುಕ್ತಾಯವಿರುವ ಕಲೆ ಮುಕ್ತಾಯವಿಲ್ಲದ ಸಂಕಟದ ಪರವಾಗಿ ಮಾತಾಡುವಾಗ ಸಂಕಟಕ್ಕೂ ತನ್ನದೇ ಮುಕ್ತಾಯವನ್ನು ಅಂಟಿಸಿಬಿಡುತ್ತದೆ.

ತೆರೆಯ ಮೇಲೆ ಮುಗಿದ ಮೇಲೆ ತೆರೆಯ ಹಿಂದೆ ಏನಾಯಿತು? ಗೇಟಿನ ಕಲೆಕ್ಷನ್ 2,43,418 ಡಾಲರ್ 50 ಸೆಂಟ್. ಆಗಸ್ಟ್ 12ರ ಹೊತ್ತಿಗೆ ಅದರ ಚೆಕ್ ಯುನಿಸೆಫ್ ಕೈಸೇರಿತ್ತು. ರವಿಶಂಕರ್ ಮೊದಲು ಎಣಿಸಿದ್ದಕ್ಕಿಂತ ಹತ್ತುಪಟ್ಟು ಹತ್ತಿರದ ಮೊತ್ತ, ಅದೂ ಹನ್ನೆರಡೇ ದಿನಗಳಲ್ಲಿ. ಇಲ್ಲಿಯವರೆಗೆ ಇದು ಹಳ್ಳಿಯ ಬೆನಿಫಿಟ್ ನಾಟಕದಷ್ಟೇ ಸರಳ: ದುಡ್ಡು ಬಂತು, ಎಣಿಸಿದರು, ಕೊಟ್ಟರು.

ತೊಡಕು ಶುರುವಾದದ್ದು ಧ್ವನಿಮುದ್ರಿಕೆಯಿಂದ. ದೊಡ್ಡ ಹಣ ಬರಬೇಕಾದದ್ದು ಅಲ್ಲಿಂದಲೇ. ಮೂರು ಎಲ್‌ಪಿ ತಟ್ಟೆಗಳ ಆ ಪೆಟ್ಟಿಗೆಯನ್ನು ಹೊರತರಲು ಹಲವು ಕಂಪನಿಗಳ ಒಪ್ಪಿಗೆ ಬೇಕಿತ್ತು. ಡಿಲನ್ ಹಾಡುಗಳ ಹಕ್ಕು ಕೊಲಂಬಿಯಾ ಕಂಪನಿಯದು. ವಿತರಣೆ ಕ್ಯಾಪಿಟಲ್ ಕಂಪನಿಯದು. ಹಾಡಿದವರು ಪುಕ್ಕಟೆ ಹಾಡಿದರೂ ಮಾರುವವರು ಪುಕ್ಕಟೆ ಮಾರಲು ಸಿದ್ಧರಿರಲಿಲ್ಲ. ವಾರಗಳು ಜಾರಿದವು. ನವೆಂಬರಿನಲ್ಲಿ ಹ್ಯಾರಿಸನ್ ಡಿಕ್ ಕ್ಯಾವೆಟ್ ಅವರ ಟಿ.ವಿ. ಕಾರ್ಯಕ್ರಮದಲ್ಲಿ ಕೂತು ಈ ತಡದ ಬಗ್ಗೆ ಸಿಟ್ಟು ಹೊರಹಾಕಿದರು. ಕ್ಯಾಪಿಟಲ್‌ನ ಮುಖ್ಯಸ್ಥರಾಗಿದ್ದವರು ಭಾರತೀಯ ಮೂಲದ ಭಾಸ್ಕರ್ ಮೆನನ್. ಕೊನೆಗೆ ಅವರ ಕಂಪನಿ 37 ಲಕ್ಷ 50 ಸಾವಿರ ಡಾಲರ್ ಮುಂಗಡ ಕೊಡಲು ಒಪ್ಪಿತು. ಅಮೆರಿಕದಲ್ಲಿ ಆಲ್ಬಮ್ ಹೊರಬಂದದ್ದು ಡಿಸೆಂಬರ್ 20ರಂದು.

ಆ ದಿನಾಂಕವನ್ನು ಗಮನಿಸಿ. ಢಾಕಾದಲ್ಲಿ ಪಾಕಿಸ್ತಾನಿ ಸೈನ್ಯ ಶರಣಾದದ್ದು ಡಿಸೆಂಬರ್ 16. ಯುದ್ಧಕಾಲದ ನಿರಾಶ್ರಿತರಿಗೆಂದು ಹಾಡಿದ ಹಾಡುಗಳು ಅಂಗಡಿಗೆ ಬಂದದ್ದು ಯುದ್ಧ ಮುಗಿದ ನಾಲ್ಕನೇ ದಿನ. ಹಸಿದ ಮಗುವೊಂದರ ಚಿತ್ರ ಆ ಪೆಟ್ಟಿಗೆಯ ಮುಖಪುಟದಲ್ಲಿತ್ತು. ಮಗುವಿನ ಹಸಿವು ಕಂಪನಿಗಳ ಕರಾರುಪತ್ರಕ್ಕಾಗಿ ಕಾಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಕಟುವಾದ ವ್ಯಾಖ್ಯಾನವನ್ನು ಯಾವ ವಿಮರ್ಶಕರೂ ಬರೆಯಬೇಕಿಲ್ಲ.

ಇನ್ನೂ ದೊಡ್ಡ ತೊಡಕು ತೆರಿಗೆಯದು. ಕಾರ್ಯಕ್ರಮದ ಆಡಳಿತ ನೋಡಿಕೊಂಡವರು ಹ್ಯಾರಿಸನ್‌ರ ವ್ಯವಸ್ಥಾಪಕ ಅಲೆನ್ ಕ್ಲೈನ್. ಇದು ಸಹಾಯಾರ್ಥ ಕಾರ್ಯಕ್ರಮ ಎಂದು ಮುಂಚಿತವಾಗಿ ವಿಧಿಪ್ರಕಾರ ದಾಖಲಿಸಿ ತೆರಿಗೆ ವಿನಾಯಿತಿ ಪಡೆಯುವ ಕೆಲಸ ಆಗಿರಲಿಲ್ಲ. ಪರಿಣಾಮವಾಗಿ ಆಲ್ಬಮ್ ಮತ್ತು ಚಿತ್ರದಿಂದ ಬಂದ ಕೋಟ್ಯಂತರ ಡಾಲರುಗಳಲ್ಲಿ ಹೆಚ್ಚಿನ ಪಾಲು ಅಮೆರಿಕದ ತೆರಿಗೆ ಇಲಾಖೆಯ ಪರಿಶೀಲನೆಯಲ್ಲಿ ವರ್ಷಗಟ್ಟಲೆ ಸಿಕ್ಕಿಹಾಕಿಕೊಂಡಿತು. ಪ್ರತಿ ಆಲ್ಬಮ್ಮಿನ ಹಣ ಎಲ್ಲಿಗೆ ಹೋಗುತ್ತಿದೆ ಎಂದು ‘ನ್ಯೂಯಾರ್ಕ್’ ನಿಯತಕಾಲಿಕ 1972ರಲ್ಲಿ ಪ್ರಶ್ನೆ ಎತ್ತಿತು, ಕ್ಲೈನ್ ಅದರ ಮೇಲೆ ದಾವೆ ಹೂಡಿದರು. ಬ್ರಿಟನ್ನಿನಲ್ಲಿ ಆಲ್ಬಮ್ ಮೇಲಿನ ಖರೀದಿ ತೆರಿಗೆ ಬಿಡಬೇಕೆಂದು ಹ್ಯಾರಿಸನ್ ಸರ್ಕಾರವನ್ನು ಕೇಳಿಕೊಂಡರು. ಸರ್ಕಾರ ಒಪ್ಪಲಿಲ್ಲ. 1973ರಲ್ಲಿ ಅವರು ಸ್ವಂತ ಹಣದಿಂದ 10 ಲಕ್ಷ ಪೌಂಡ್ ಚೆಕ್ ಬರೆದು ಆ ತೆರಿಗೆ ಕಟ್ಟಿದರು. ಅದೇ ವರ್ಷ ಆಲ್ಬಮ್ಮಿಗೆ ವರ್ಷದ ಅತ್ಯುತ್ತಮ ಆಲ್ಬಮ್ ಎಂದು ಗ್ರ್ಯಾಮಿ ಪ್ರಶಸ್ತಿಯೂ ಬಂತು. 1985ರ ಹೊತ್ತಿಗೆ ಒಟ್ಟು ಸುಮಾರು 1 ಕೋಟಿ 20 ಲಕ್ಷ ಡಾಲರ್ ಬಾಂಗ್ಲಾದೇಶದ ನೆರವಿಗೆ ಹೋಗಿತ್ತು. ಹಣ ಕೊನೆಗೂ ತಲುಪಿತು, ನಿಜ. ಆದರೆ ಪ್ರಶಸ್ತಿ ತಲುಪಿದ ಎಷ್ಟೋ ವರ್ಷಗಳ ನಂತರ. ಮಂಜೂರಾದ ಹಣಕ್ಕೂ ಕೈಗೆ ಬಂದ ಹಣಕ್ಕೂ ಎಷ್ಟು ಅಂತರವಿರುತ್ತದೆ ಎಂಬುದು ಫೆಲೋಶಿಪ್ ನಂಬಿ ಬಾಡಿಗೆ ಕಟ್ಟುವ ಯಾವ ಸಂಶೋಧನಾ ವಿದ್ಯಾರ್ಥಿಗೂ ಗೊತ್ತು. ಹಸಿದವರಿಗೆ ಆ ಅಂತರ ಬಾಡಿಗೆಯ ಪ್ರಶ್ನೆಯಲ್ಲ.

ಇಷ್ಟು ಹೇಳಿದ ಮೇಲೆ ಸುಲಭವಾಗಿ ಬಾಯಿಗೆ ಬರುವ ತೀರ್ಮಾನವೆಂದರೆ ವ್ಯಾಪಾರ ಬೆರೆತದ್ದರಿಂದ ಕೆಟ್ಟಿತು ಎಂಬುದು. ಇದನ್ನು ನಾನು ಒಪ್ಪುವುದಿಲ್ಲ. ವ್ಯಾಪಾರ ಬೆರೆಯದಿದ್ದರೆ ಮೊತ್ತ ಎರಡೂವರೆ ಲಕ್ಷದ ಹತ್ತಿರವೇ ನಿಲ್ಲುತ್ತಿತ್ತು. ಕೋಟಿ ಮುಟ್ಟಿಸಿದ್ದು ತಟ್ಟೆ ಅಚ್ಚು ಹಾಕುವ, ಅಂಗಡಿಗೆ ಸಾಗಿಸುವ, ಸಿನಿಮಾ ಹಂಚುವ ವ್ಯಾಪಾರವೇ. ಕೆಟ್ಟದ್ದು ಎಲ್ಲಿ ಎಂದರೆ, ಬೆಳಕಿನಲ್ಲಿ ನಿಂತವರು ಬಿಟ್ಟುಕೊಟ್ಟದ್ದು ಎಲ್ಲರಿಗೂ ಕಂಡಿತು, ಬೆಳಕಿನ ಹಿಂದೆ ನಿಂತವರು ಹಿಡಿದುಕೊಂಡದ್ದು ಯಾರಿಗೂ ಕಾಣಲಿಲ್ಲ. ಕಲಾವಿದರ ತ್ಯಾಗ ಪೋಸ್ಟರಿನಲ್ಲಿತ್ತು, ವಿತರಕರ ಕಮಿಷನ್ ಕರಾರುಪತ್ರದಲ್ಲಿತ್ತು. ಖರ್ಚು ತೆಗೆದುಕೊಳ್ಳುವುದು ತಪ್ಪಲ್ಲ. ಎಷ್ಟು ತೆಗೆದುಕೊಳ್ಳುತ್ತೇವೆಂದು ಟಿಕೆಟ್ ಮಾರುವ ಮುಂಚೆಯೇ ಹೇಳದಿರುವುದು ತಪ್ಪು.

ಇದಕ್ಕೆ ಹಳೆಯ ಎರಡು ಉದಾಹರಣೆಗಳು ನೆನಪಾಗುತ್ತವೆ. ಹ್ಯಾಂಡೆಲ್‌ನ ‘ಮೆಸ್ಸಾಯ’ ಮೊದಲ ಬಾರಿ ಕೇಳಿಬಂದದ್ದು 1742ರ ಏಪ್ರಿಲ್ 13ರಂದು, ಡಬ್ಲಿನ್ನಿನಲ್ಲಿ, ಸಹಾಯಾರ್ಥವಾಗಿ. ಹಣ ಯಾರಿಗೆ ಎಂಬುದು ಮುಂಚೆಯೇ ಪ್ರಕಟವಾಗಿತ್ತು: ಸಾಲ ತೀರಿಸಲಾಗದೆ ಸೆರೆಯಲ್ಲಿದ್ದವರಿಗೆ ಒಂದು ಪಾಲು, ಊರಿನ ಎರಡು ಆಸ್ಪತ್ರೆಗಳಿಗೆ ಉಳಿದ ಎರಡು ಪಾಲು. ಹೆಚ್ಚು ಜನ ಕೂರಲೆಂದು ಹೆಂಗಸರು ಬಳೆ ಹಾಕಿ ಉಬ್ಬಿಸಿದ ಲಂಗ ಬಿಟ್ಟು, ಗಂಡಸರು ಕತ್ತಿ ಬಿಟ್ಟು ಬರಬೇಕೆಂದು ಪತ್ರಿಕೆಗಳಲ್ಲಿ ಕೇಳಿಕೊಂಡರು. ಆ ಹಣದಿಂದ 142 ಜನ ಸಾಲಗಾರರು ಸೆರೆಯಿಂದ ಹೊರಬಂದರು. ಹಾಡು ಕೇಳಿದ ಊರಿನಲ್ಲೇ ಬಿಡುಗಡೆಯಾದವರೂ ನಡೆದಾಡಿದರು. ನಮ್ಮ ಹಳ್ಳಿಯ ಬೆನಿಫಿಟ್ ನಾಟಕಕ್ಕೂ ಇದೇ ಅನುಕೂಲ. ನಾಟಕದ ಬಯಲಿನಿಂದ ಶಾಲೆಯ ಹೆಂಚು ಕಾಣುತ್ತದೆ, ಹಾಕಿದ್ದಾರೋ ಇಲ್ಲವೋ ಎಂದು ಯಾರನ್ನೂ ಕೇಳಬೇಕಿಲ್ಲ.

ಎರಡನೆಯದು ಚಾರ್ಲ್ಸ್ ಡಿಕನ್ಸ್‌ನದು. ತನ್ನ ಕಥೆಗಳನ್ನು ಸಭೆಯಲ್ಲಿ ಓದುವುದನ್ನು ಆತ ಶುರುಮಾಡಿದ್ದು ಸಹಾಯಾರ್ಥವಾಗಿ, 1853ರ ಕ್ರಿಸ್‌ಮಸ್ ಹೊತ್ತಿಗೆ, ಬರ್ಮಿಂಗ್‌ಹ್ಯಾಮಿನಲ್ಲಿ. ಜನ ಮುಗಿಬಿದ್ದರು. ಹಣಕ್ಕಾಗಿ ಓದಿದರೆ ಲೇಖಕನ ಗೌರವಕ್ಕೆ ಕುಂದು ಎಂದು ಗೆಳೆಯ ಫಾರ್ಸ್ಟರ್ ಆಕ್ಷೇಪಿಸಿದ. 1858ರ ಏಪ್ರಿಲ್ 15ರಂದು ಡಿಕನ್ಸ್ ಲಂಡನ್ನಿನ ಸೇಂಟ್ ಮಾರ್ಟಿನ್ಸ್ ಹಾಲಿನಲ್ಲಿ ಮಕ್ಕಳ ಆಸ್ಪತ್ರೆಗಾಗಿ ಓದಿದ. ಎರಡು ವಾರದ ನಂತರ, ಏಪ್ರಿಲ್ 29ರಂದು, ಅದೇ ಹಾಲಿನಲ್ಲಿ ತನಗಾಗಿ ಓದಿದ. ಒಂದೇ ದನಿ, ಒಂದೇ ಸಭಾಂಗಣ. ಆದರೆ ಒಂದು ಸಂಜೆ ಆಸ್ಪತ್ರೆಯದು, ಇನ್ನೊಂದು ಸಂಜೆ ಲೇಖಕನದು ಎಂಬುದು ಟಿಕೆಟ್ ಕೊಂಡ ಎಲ್ಲರಿಗೂ ಗೊತ್ತಿತ್ತು. ಸ್ವಂತಕ್ಕಾಗಿ ಓದಿದ್ದಕ್ಕೆ ಜನ ಅವನನ್ನು ಬಿಟ್ಟುಹೋಗಲಿಲ್ಲ. ಕೊನೆಗಾಲದವರೆಗೂ ಸಭೆಗಳು ತುಂಬಿಯೇ ಇದ್ದವು. ಕಲಾವಿದ ದುಡ್ಡು ಮಾಡಿಕೊಂಡರೆ ಜನ ಸಹಿಸುತ್ತಾರೆ. ಯಾರಿಗೆಂದು ಹೇಳದೆ ಮಾಡಿಕೊಂಡರೆ ಸಹಿಸುವುದಿಲ್ಲ.

ಡಬ್ಲಿನ್ನಿನಲ್ಲಿ ಕಣ್ಣೇ ಸಾಕ್ಷಿ. ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿಗೂ ಗಡಿಯ ನಿರಾಶ್ರಿತರ ಶಿಬಿರಕ್ಕೂ ಸುಮಾರು 12 ಸಾವಿರ ಕಿಲೋಮೀಟರ್ ಅಂತರವಿದ್ದಾಗ ಕಣ್ಣಿನ ಸಾಕ್ಷಿ ಸಾಧ್ಯವಿಲ್ಲ. ಆ ಜಾಗದಲ್ಲಿ ಲೆಕ್ಕಪತ್ರ ಬರಬೇಕಿತ್ತು. ಬಂದದ್ದು ತಾರೆಯ ಮುಖ. ಹ್ಯಾರಿಸನ್ ಇದ್ದಾರೆ, ಡಿಲನ್ ಇದ್ದಾರೆ, ಹಾಗಾಗಿ ಮೋಸವಿರಲಾರದು ಎಂದು ಜನ ನಂಬಿದರು. ಮುಖವೇ ಜಾಮೀನಾಯಿತು. ಆದರೆ ಜಾಮೀನು ನಿಂತವನಿಗೆ ಗಂಟು ಎಲ್ಲಿದೆ ಎಂಬುದು ಗೊತ್ತಿರಬೇಕೆಂದಿಲ್ಲ. ಸಾಲ ಕಟ್ಟದೇ ಹೋದಾಗ ಮೊದಲು ಬಾಗಿಲು ತಟ್ಟುವುದು ಜಾಮೀನುದಾರನ ಮನೆಯದೇ. ಹ್ಯಾರಿಸನ್ ಬರೆದ 10 ಲಕ್ಷ ಪೌಂಡ್ ಚೆಕ್ಕನ್ನು ಜನ ಔದಾರ್ಯವೆಂದು ಕೊಂಡಾಡುತ್ತಾರೆ. ನನಗೆ ಅದರಲ್ಲಿ ಔದಾರ್ಯಕ್ಕಿಂತ ಹೆಚ್ಚಾಗಿ ಮರ್ಯಾದೆಯ ಪ್ರಶ್ನೆ ಕಾಣುತ್ತದೆ. ತನ್ನ ಹೆಸರು ನಂಬಿ ದುಡ್ಡು ಕೊಟ್ಟವರಿಗೆ ಉತ್ತರ ಹೇಳಬೇಕಾದವನು ತಾನೇ ಎಂಬುದು ಆ ಮನುಷ್ಯನಿಗೆ ತಿಳಿದಿತ್ತು. ಆದರೆ ಪ್ರತಿ ಸಹಾಯಾರ್ಥ ಪ್ರದರ್ಶನಕ್ಕೂ ಒಬ್ಬ ಹ್ಯಾರಿಸನ್ ಸಿಗುವುದಿಲ್ಲ. ವ್ಯಕ್ತಿಯ ಸಜ್ಜನಿಕೆಯ ಮೇಲೆ ನಿಂತ ವ್ಯವಸ್ಥೆಯನ್ನು ವ್ಯವಸ್ಥೆ ಎನ್ನಲಾಗದು.

1985ರ ಜುಲೈ 13ರಂದು ಲಂಡನ್ನಿನ ವೆಂಬ್ಲಿಯಲ್ಲೂ ಫಿಲಡೆಲ್ಫಿಯಾದಲ್ಲೂ ಏಕಕಾಲಕ್ಕೆ ನಡೆದ ‘ಲೈವ್ ಏಡ್’ ಈ ಪಾಠವನ್ನು ಒಂದಿಷ್ಟು ಕಲಿತಿತ್ತು. ಇಥಿಯೋಪಿಯಾದ ಕ್ಷಾಮಕ್ಕೆ ಹಣ ಕೂಡಿಸಲು ಬಾಬ್ ಗೆಲ್ಡಾಫ್ ಮೊದಲು ‘ಬ್ಯಾಂಡ್ ಏಡ್’ ಹಾಡು ತಂದು, ಹಣಕ್ಕೆಂದೇ ಟ್ರಸ್ಟ್ ಕಟ್ಟಿದ್ದರು. ಹಾಡಿನ ಮೇಲಿನ ತೆರಿಗೆ ಬಿಡಲು ಥ್ಯಾಚರ್ ಸರ್ಕಾರ ಮೊದಲು ಒಪ್ಪದೆ, ಕೊನೆಗೆ ಅಷ್ಟೇ ಮೊತ್ತವನ್ನು ದಾನವಾಗಿ ಹಿಂದಿರುಗಿಸಿತು. 25 ವರ್ಷಗಳ ನಂತರ ಈ ಟ್ರಸ್ಟಿಗೆ ಪರೀಕ್ಷೆ ಎದುರಾಯಿತು. 2010ರ ಮಾರ್ಚಿನಲ್ಲಿ ಬಿಬಿಸಿ ವರ್ಲ್ಡ್ ಸರ್ವೀಸಿನ ಕಾರ್ಯಕ್ರಮವೊಂದು ಇಥಿಯೋಪಿಯಾದ ನೆರವಿನ ಹಣ ಬಂಡುಕೋರರ ಶಸ್ತ್ರಕ್ಕೆ ಹೋಯಿತೆಂದು ಹೇಳಿ, ಅದರಲ್ಲಿ ಬ್ಯಾಂಡ್ ಏಡ್ ಹಣವೂ ಸೇರಿದೆ ಎಂಬ ಅಭಿಪ್ರಾಯ ಮೂಡಿಸಿತು. ಟ್ರಸ್ಟ್ ಪ್ರತಿಭಟಿಸಿತು. ಅದಕ್ಕೆ ಆಧಾರವಿರಲಿಲ್ಲ ಎಂದು ಆ ವರ್ಷದ ನವೆಂಬರಿನಲ್ಲಿ ಬಿಬಿಸಿ ಕ್ಷಮೆ ಕೇಳಿತು. ಕಾಲು ಶತಮಾನದ ಹಿಂದಿನ ಹಾಡಿನ ಬಗ್ಗೆ ಪ್ರಶ್ನೆ ಎದ್ದಾಗ ಎದ್ದು ಉತ್ತರ ಹೇಳಲು ಒಂದು ಸಂಸ್ಥೆ ಇನ್ನೂ ಇತ್ತು ಎಂಬುದು ಇಲ್ಲಿ ಮುಖ್ಯ. ಆ ಹಾಡಿನ ಸಾಹಿತ್ಯ ಆಫ್ರಿಕಾವನ್ನು ಬರಡು, ಅಸಹಾಯಕ ಭೂಮಿಯನ್ನಾಗಿ ಚಿತ್ರಿಸುತ್ತದೆ ಎಂಬ ಆಕ್ಷೇಪ ಇಂದಿಗೂ ಇದೆ, ಅದು ನ್ಯಾಯವಾದದ್ದು. ಅಂದರೆ ಲೆಕ್ಕ ಸರಿಯಿದ್ದ ಮಾತ್ರಕ್ಕೆ ಕಲೆ ಸರಿಯಾಗುವುದಿಲ್ಲ, ಕಲೆ ಚೆನ್ನಾಗಿದ್ದ ಮಾತ್ರಕ್ಕೆ ಲೆಕ್ಕವೂ ಸರಿಯಿರಬೇಕೆಂದಿಲ್ಲ. ಎರಡನ್ನೂ ಬೇರೆಬೇರೆಯಾಗಿ ನೋಡುವ ಶಿಸ್ತು ನಮಗೆ ಬೇಕು.

ವಿಮರ್ಶಕರಾಗಿ ನಾವು ಇಲ್ಲಿ ಎರಡು ಬಗೆಯ ಸೋಮಾರಿತನಕ್ಕೆ ಬೀಳುತ್ತೇವೆ. ಒಳ್ಳೆಯ ಕೆಲಸಕ್ಕಾಗಿ ಮಾಡಿದ್ದು ಎಂದು ಕಲೆಯ ದೋಷಗಳನ್ನು ಮನ್ನಿಸುವುದು ಒಂದು. ಇದೆಲ್ಲ ತಾರೆಯರ ಆತ್ಮಪ್ರಚಾರ ಎಂದು ಮೂಗು ಮುರಿದು ಕಲೆಯನ್ನು ನೋಡದೆಯೇ ಬಿಡುವುದು ಇನ್ನೊಂದು. ಮೊದಲನೆಯದು ಭಕ್ತಿ, ಎರಡನೆಯದು ಸಿನಿಕತನ. ಎರಡರಲ್ಲೂ ವಿಚಾರಿಸುವ ಶ್ರಮ ಇಲ್ಲ. ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಮುನ್ನುಡಿ, ಅರ್ಪಣೆ, ಮುಖಪುಟ, ಪ್ರಕಾಶಕರ ಮಾತು ಎಲ್ಲವನ್ನೂ ಕೃತಿಯ ಜೊತೆಗಿಟ್ಟು ಓದಲು ಕಲಿತಿದ್ದೇವೆ. ಸಹಾಯಾರ್ಥ ಪ್ರದರ್ಶನದ ಮಟ್ಟಿಗೆ ಲೆಕ್ಕದ ಹಾಳೆಯೂ ಕೃತಿಯ ಭಾಗವೇ. ಅದು ಆ ನಾಟಕದ ಕೊನೆಯ ಅಂಕ. ಅದನ್ನು ಆಡದೆ ಪರದೆ ಎಳೆದರೆ ನಾಟಕ ಅಪೂರ್ಣವಾಯಿತೆಂದೇ ಬರೆಯಬೇಕು.

ನೆರೆ ಬಂದಾಗ, ಬರ ಬಂದಾಗ, ಹಿರಿಯ ಕಲಾವಿದರೊಬ್ಬರು ಆಸ್ಪತ್ರೆ ಸೇರಿದಾಗ ನಮ್ಮ ಊರುಗಳಲ್ಲೂ ರಸಮಂಜರಿ, ನಾಟಕ, ಯಕ್ಷಗಾನ ಏರ್ಪಾಡಾಗುತ್ತವೆ. ಆಗಲೇಬೇಕು. ದಾನದ ಡಬ್ಬಿಯೊಂದನ್ನೇ ಎದುರಿಗಿಟ್ಟರೆ ಹತ್ತು ರೂಪಾಯಿ ಹಾಕುವವರು ಹಾಡಿಗಾಗಿ ಇನ್ನೂರು ರೂಪಾಯಿ ಕೊಡುತ್ತಾರೆ, ಇದರಲ್ಲಿ ನಾಚಿಕೆಪಡುವಂಥದ್ದು ಏನಿಲ್ಲ. ಆದರೆ ಹ್ಯಾಂಡ್‌ಬಿಲ್ಲಿನಲ್ಲಿ ಕಲಾವಿದರ ಫೋಟೋಗಳ ಕೆಳಗೆ ಇನ್ನೂ ನಾಲ್ಕು ಸಾಲಿಗೆ ಜಾಗವಿದೆ. ಹಣ ಯಾರಿಗೆ, ಹಾಲಿನ ಬಾಡಿಗೆ ಮತ್ತು ಮೈಕಿನವರ ಖರ್ಚು ಕಳೆದು ಎಷ್ಟು, ಯಾವ ತಾರೀಖಿನೊಳಗೆ ಮುಟ್ಟಿಸುತ್ತೇವೆ, ಲೆಕ್ಕವನ್ನು ಎಲ್ಲಿ ಅಂಟಿಸುತ್ತೇವೆ. ಈ ನಾಲ್ಕು ಸಾಲು ಬರೆದವರ ಕಾರ್ಯಕ್ರಮಕ್ಕೆ ಟಿಕೆಟ್ ಕೊಳ್ಳೋಣ. ಬರೆಯದವರನ್ನು ಕೌಂಟರಿನಲ್ಲೇ ಕೇಳೋಣ. ಕೇಳಿದರೆ ಅವಮಾನವಾಯಿತೆಂದು ಸಿಟ್ಟಾಗುವ ಸಂಘಟಕರಿದ್ದಾರೆ. ಊರಿನ ಶಾಲೆಗಾಗಿ ನಾಟಕ ಆಡಿಸಿದ ಹಳಬರಿಗೆ ಆ ಸಿಟ್ಟು ಅರ್ಥವಾಗುತ್ತಿರಲಿಲ್ಲ. ಅವರಿಗೆ ಲೆಕ್ಕ ಒಪ್ಪಿಸುವುದೂ ನಾಟಕದ ಕೆಲಸವೇ ಆಗಿತ್ತು.